ಯಾರೂ ಬರೆದುಕೊಡದ ಪ್ರಮಾಣ

ಎಪ್ಪತ್ತು ದಾಟಿದ ಅಪ್ಪನಿಗೆ ಕೆಲವು ತಿಂಗಳಿಂದ ಬಾಯಾರಿಕೆ ಹೆಚ್ಚಾಗಿತ್ತು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದರು, ಮಲಬದ್ಧತೆ ಬಿಡದೆ ಕಾಡುತ್ತಿತ್ತು, ಊಟಕ್ಕೆ ಕುಳಿತರೆ ವಾಕರಿಕೆ ಬರುತ್ತಿತ್ತು. ಪ್ರತಿಯೊಂದಕ್ಕೂ ಮನೆಯಲ್ಲಿ ಒಂದೊಂದು ಕಾರಣ ಸಿದ್ಧವಾಗಿತ್ತು: ಬಾಯಾರಿಕೆಗೆ ಸಕ್ಕರೆ ಕಾಯಿಲೆ, ಮೂತ್ರಕ್ಕೆ ಪ್ರಾಸ್ಟೇಟ್, ಮಲಬದ್ಧತೆಗೆ ನಡಿಗೆ ಕಡಿಮೆಯಾದದ್ದು, ವಾಕರಿಕೆಗೆ ಗ್ಯಾಸ್ಟ್ರಿಕ್. ಇವೆಲ್ಲಕ್ಕೂ ಮೂಲ ಒಂದೇ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮಾತಿನ ಮಧ್ಯೆ ಅವರು ಎಳೆ ತಪ್ಪತೊಡಗಿದಾಗ, ಹಗಲಲ್ಲೂ ಮಂಕಾಗಿ ಮಲಗಿಬಿಡುತ್ತಿದ್ದಾಗ, ಇದು ವಯಸ್ಸಿನದ್ದಲ್ಲ ಎಂದು ನನಗೆ ಅನ್ನಿಸಿ ರಕ್ತಪರೀಕ್ಷೆ ಮಾಡಿಸಿದೆವು. ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ 13.2 ಇತ್ತು, ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಹಿಂದಿನ ವರ್ಷ 1.0 ಇದ್ದದ್ದು 1.9ಕ್ಕೆ ಏರಿತ್ತು. ವರದಿ ನೋಡಿದ ಡಾಕ್ಟರು ನಾಳೆಯವರೆಗೆ ಕಾಯುವುದು ಬೇಡ, ಇವತ್ತೇ ದಾಖಲು ಮಾಡಿ ಎಂದರು.

ಕ್ಯಾಲ್ಸಿಯಂ ಎಂದರೆ ಎಲುಬಿಗೆ ಒಳ್ಳೆಯದು ಎಂದಷ್ಟೇ ತಿಳಿದಿದ್ದ ನನಗೆ, ಅದು ರಕ್ತದಲ್ಲಿ ಹೆಚ್ಚಾದರೆ ಏನಾಗುತ್ತದೆಂಬುದನ್ನು ವಾರ್ಡಿನ ಡಾಕ್ಟರು ಬಿಡಿಸಿ ಹೇಳಿದರು. ಕ್ಯಾಲ್ಸಿಯಂ ಮಿತಿಮೀರಿದಾಗ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ನೀರು ಮೂತ್ರವಾಗಿ ಹರಿದುಹೋಗುತ್ತದೆ, ದೇಹ ಒಣಗುತ್ತದೆ, ಒಣಗಿದಷ್ಟೂ ಮೂತ್ರಪಿಂಡಗಳಿಂದ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗಿ ರಕ್ತದಲ್ಲಿ ಅದು ಇನ್ನಷ್ಟು ಏರುತ್ತದೆ. ಕರುಳಿನ ಚಲನೆ ನಿಧಾನವಾಗುವುದರಿಂದ ಮಲಬದ್ಧತೆ, ಮಿದುಳಿನ ಮೇಲಾಗುವ ಪರಿಣಾಮದಿಂದ ಮಂಕು ಮತ್ತು ಗೊಂದಲ. ಹೃದಯದ ಬಡಿತದ ಲಯವೂ ಕೆಡಬಹುದಾದ್ದರಿಂದ ಕೂಡಲೇ ಇಸಿಜಿ ತೆಗೆದರು, ಕೈಗೆ ಸಲೈನ್ ಹಾಕಿದರು. ನಾವು ಮನೆಯಲ್ಲಿ ನಾಲ್ಕು ಕಾಯಿಲೆಗಳಿಗೆ ಹಂಚಿಟ್ಟಿದ್ದ ಲಕ್ಷಣಗಳು ಆ ಒಂದು ವಿವರಣೆಯೊಳಗೆ ಬಂದು ಕೂತವು.

ಕಾರಣ ಹುಡುಕುವ ಕೆಲಸ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಾರಣ ಎರಡರಲ್ಲೊಂದು: ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ಕೆಲಸ ಮಾಡುತ್ತಿರುವುದು, ಇಲ್ಲವೇ ದೇಹದಲ್ಲೆಲ್ಲೋ ಕ್ಯಾನ್ಸರ್ ಇರುವುದು. ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಈ ಎರಡು ದಾರಿಗಳನ್ನು ಬೇರ್ಪಡಿಸುತ್ತದೆ. ಹಾರ್ಮೋನು ಹೆಚ್ಚಿದ್ದರೆ ಗ್ರಂಥಿಯ ದೋಷ. ಕಡಿಮೆಯಿದ್ದರೆ ಗ್ರಂಥಿ ನಿರಪರಾಧಿ, ಹುಡುಕಾಟ ಬೇರೆಡೆಗೆ ತಿರುಗಬೇಕು. ಅಪ್ಪನದು ತೀರಾ ಕಡಿಮೆ ಬಂತು. ಎದೆಯ ಸ್ಕ್ಯಾನ್, ಹೊಟ್ಟೆಯ ಸ್ಕ್ಯಾನ್, ಮೂಳೆಮಜ್ಜೆಯ ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನ್ ಪರೀಕ್ಷೆ ಎಂದು ಡಾಕ್ಟರು ಒಂದೊಂದಾಗಿ ಬರೆಯುತ್ತಿದ್ದಾಗ ಅವರು ಬಾಯಿಬಿಟ್ಟು ಹೇಳದ ಪದ ನಮಗೆ ಕೇಳಿಸಿತ್ತು. ಅಮ್ಮ ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ಅಪ್ಪನ ಕಾಲು ಒತ್ತುತ್ತ ಕುಳಿತಿದ್ದಳು.

ದಾಖಲಾಗುವಾಗಲೇ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದರು. ಅಪ್ಪ ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು ಮಾತ್ರೆ ಎಂದಷ್ಟೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದ್ದಿನ ಡಬ್ಬಿಯಲ್ಲಿ ಇದ್ದದ್ದು ಅವೆರಡೇ. ಉಳಿದವು ಊಟದ ಮೇಜಿನ ಮೇಲೆ ಇರುತ್ತಿದ್ದವು.

ಮರುದಿನ ಬಂದ ಹಾರ್ಮೋನ್ ತಜ್ಞೆ ವರದಿಗಳ ಕಟ್ಟನ್ನು ನಿಧಾನವಾಗಿ ತಿರುವಿಹಾಕಿದರು. ಪ್ಯಾರಾಥೈರಾಯ್ಡ್ ಹಾರ್ಮೋನಿನ ಜೊತೆಗೆ ಥೈರಾಯ್ಡ್ ಪರೀಕ್ಷೆಯೂ ಆಗಿತ್ತು. ಅದರಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನು) ತಳ ಮುಟ್ಟಿತ್ತು, ಟಿ4 (ಆ ಗ್ರಂಥಿಯೇ ಸುರಿಸುವ ಹಾರ್ಮೋನು) ಏರಿತ್ತು, ಅಂದರೆ ಥೈರಾಯ್ಡ್ ಉಕ್ಕುತ್ತಿದೆ ಎಂದು ಕಾಗದ ಹೇಳುತ್ತಿತ್ತು. ಥೈರಾಯ್ಡ್ ಹೆಚ್ಚಾದರೂ ಕ್ಯಾಲ್ಸಿಯಂ ಸ್ವಲ್ಪ ಏರುವುದುಂಟು, ಹಾಗಾಗಿ ಕಥೆ ಹೊಂದಿಕೊಳ್ಳುತ್ತಿತ್ತು. ಆದರೆ ಅಪ್ಪನ ನಾಡಿ ಶಾಂತವಾಗಿತ್ತು, ಕೈ ನಡುಗುತ್ತಿರಲಿಲ್ಲ, ಅಂಗೈ ಬೆವತಿರಲಿಲ್ಲ. ಅವರು ಅಪ್ಪನ ಬೆರಳುಗಳನ್ನು ಹಿಡಿದು ಉಗುರುಗಳನ್ನು ನೋಡಿ ಕೇಳಿದರು: “ಕೂದಲಿಗೆ, ಉಗುರಿಗೆ ಅಂತ ಏನಾದರೂ ಮಾತ್ರೆ ತಗೊಳ್ತೀರಾ?”

“ಉಗುರು ಸೀಳ್ತಿತ್ತು ಡಾಕ್ಟರೇ, ಅದಕ್ಕೊಂದು ತಗೊಳ್ತೀನಿ. ಅದು ಮದ್ದಲ್ಲ, ಬರೀ ಶಕ್ತಿ ಮಾತ್ರೆ” ಎಂದರು ಅಪ್ಪ.

“ಅಂಥ ಶಕ್ತಿ ಮಾತ್ರೆ ಇನ್ನೇನೇನಿದೆ ಮನೆಯಲ್ಲಿ? ಎಲ್ಲಾ ಒಂದು ಚೀಲಕ್ಕೆ ಹಾಕಿ ತರಿಸಿ. ಖಾಲಿ ಡಬ್ಬಿ ಇದ್ದರೆ ಅದನ್ನೂ ತರಿಸಿ.”

ಉಗುರಿನ ಮಾತ್ರೆಯಲ್ಲಿದ್ದದ್ದು ಬಯೋಟಿನ್, ಬಿ ಗುಂಪಿನ ವಿಟಮಿನ್. ವಯಸ್ಕರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕೆಂದು ಲೆಕ್ಕ; ಅಪ್ಪನ ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಇತ್ತು. ಅದರಿಂದ ದೇಹಕ್ಕೆ ನೇರವಾಗಿ ಕೆಡುಕಾದ ಉದಾಹರಣೆ ಅಪರೂಪವಂತೆ, ಕೆಡುವುದು ಪರೀಕ್ಷೆ. ಹಲವು ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಅಳೆಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ನಡುವಿನ ಬಿಗಿಯಾದ ಅಂಟನ್ನೇ ಬಳಸುತ್ತವೆ. ರೋಗಿಯ ರಕ್ತದಲ್ಲಿ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಅದು ಆ ಜಾಗಗಳನ್ನೆಲ್ಲ ಮೊದಲೇ ಆಕ್ರಮಿಸಿಬಿಡುತ್ತದೆ. ಆಗ ಟಿಎಸ್‌ಎಚ್, ಪ್ಯಾರಾಥೈರಾಯ್ಡ್ ಹಾರ್ಮೋನುಗಳಂಥವು ಇಲ್ಲದಷ್ಟು ಕಡಿಮೆಯಾಗಿ, ಟಿ4 ಮತ್ತು ವಿಟಮಿನ್ ಡಿ ಇಲ್ಲದಷ್ಟು ಹೆಚ್ಚಾಗಿ ಕಾಣಿಸುತ್ತವೆ. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಾಗಿ ಕಡಿಮೆ ತೋರಿಸಬಹುದಾದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿ ವೈದ್ಯರಿಗೂ ಸಾರ್ವಜನಿಕರಿಗೂ ಎಚ್ಚರಿಕೆ ಕೊಟ್ಟಿತು. ಉಗುರು ಗಟ್ಟಿಯಾಗಲೆಂದು ನುಂಗಿದ ಮಾತ್ರೆ ಎದೆನೋವಿನ ರಾತ್ರಿ ಡಾಕ್ಟರನ್ನು ದಾರಿತಪ್ಪಿಸಬಲ್ಲದು ಎಂಬುದು, ಈ ಇಡೀ ಪ್ರಸಂಗದಲ್ಲಿ ನನ್ನನ್ನು ಅತಿ ಹೆಚ್ಚು ಬೆಚ್ಚಿಬೀಳಿಸಿದ ಸಂಗತಿ.

ಆದ್ದರಿಂದ ಬಯೋಟಿನ್ ನಿಲ್ಲಿಸಿ, ಅದು ರಕ್ತದಿಂದ ತೊಲಗಲು ಸಮಯ ಕೊಟ್ಟು, ಪರೀಕ್ಷೆಗಳನ್ನು ಮತ್ತೆ ಮಾಡಿಸುವುದೆಂದು ತೀರ್ಮಾನವಾಯಿತು. ಮೂತ್ರಪಿಂಡ ಸೋತಿದ್ದರಿಂದ ಸಾಮಾನ್ಯವಾಗಿ ಕಾಯುವ ಎರಡು ಮೂರು ದಿನಗಳಿಗಿಂತ ಹೆಚ್ಚು ಕಾದರು. ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಅಳೆಯುವ ವಿಧಾನವೇ ಬೇರೆ, ಅವುಗಳ ಅಂಕಿಗಳ ಬಗ್ಗೆ ಸಂಶಯವಿರಲಿಲ್ಲ. ಸಲೈನ್ ಹರಿಯುತ್ತಲೇ ಇತ್ತು. ಎರಡನೆಯ ಸಲದ ವರದಿಯಲ್ಲಿ ಥೈರಾಯ್ಡ್ ಸಂಪೂರ್ಣ ಸರಿಯಾಗಿತ್ತು. ಇಲ್ಲದ ಕಾಯಿಲೆಯೊಂದಕ್ಕೆ ಚಿಕಿತ್ಸೆ ಶುರುವಾಗುವುದು ತಪ್ಪಿತು. ಆದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಈಗಲೂ ಕಡಿಮೆಯೇ ಇತ್ತು, ವಿಟಮಿನ್ ಡಿ ಮಿಲಿಲೀಟರಿಗೆ 186 ನ್ಯಾನೋಗ್ರಾಂ ಬಂತು. 150 ದಾಟಿದರೆ ವಿಷವಾಗುವ ಮಟ್ಟವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಸ್ಕ್ಯಾನುಗಳಲ್ಲಿ ಗಡ್ಡೆಯ ಸುಳಿವಿರಲಿಲ್ಲ. ಕಾರಣ ಸಿಕ್ಕಿತ್ತು, ಅದು ಎಲ್ಲಿಂದ ಬಂತೆಂಬುದು ಮಾತ್ರ ಬಾಕಿ.

ಆಸ್ಪತ್ರೆಯ ಫಾರ್ಮಸಿಸ್ಟ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಚೀಲವನ್ನು ಮಂಚದ ಪಕ್ಕದ ಮೇಜಿನ ಮೇಲೆ ಸುರಿದಳು. ಡಬ್ಬಿಯ ಮುಂಭಾಗದ ಹೊಗಳಿಕೆಯನ್ನು ಅವಳು ಓದುತ್ತಲೇ ಇರಲಿಲ್ಲ. ನೇರವಾಗಿ ಹಿಂದಕ್ಕೆ ತಿರುಗಿಸಿ, ಸಣ್ಣಕ್ಷರದ ಪಟ್ಟಿಯ ಮೇಲೆ ಬೆರಳಿಟ್ಟು, ಒಂದು ಹಾಳೆಯಲ್ಲಿ ವಿಟಮಿನ್ನಿಗೊಂದರಂತೆ ಸಾಲು, ಡಬ್ಬಿಗೊಂದರಂತೆ ಕಂಬ ಎಳೆದುಕೊಂಡು ಬರೆಯುತ್ತಾ ಹೋದಳು. ಮೂಳೆ ಡಾಕ್ಟರು ಮೊಣಕಾಲು ನೋವಿಗೆಂದು ವಾರಕ್ಕೊಂದು 60,000 ಐಯು (ವಿಟಮಿನ್ನಿನ ಪ್ರಮಾಣ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ವಿಟಮಿನ್ ಡಿ ಕ್ಯಾಪ್ಸೂಲ್ ಬರೆದಿದ್ದರು, ಎಂಟು ವಾರಕ್ಕೆ. ನಂತರ ಸುಸ್ತೆಂದು ತೋರಿಸಿದ ಇನ್ನೊಬ್ಬ ಡಾಕ್ಟರು ಅದನ್ನೇ ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಹೆಸರು ಬೇರೆ, ಬಣ್ಣ ಬೇರೆ. ಒಂದನ್ನು ಭಾನುವಾರ, ಇನ್ನೊಂದನ್ನು ಬುಧವಾರ ಅಪ್ಪ ಶಿಸ್ತಾಗಿ ನುಂಗುತ್ತಿದ್ದರು. ಎಂಟು ವಾರದ ಗಡುವು ಎಂದೋ ಮುಗಿದಿತ್ತು, ಚೀಟಿ ತೋರಿಸಿದರೆ ಅಂಗಡಿಯಲ್ಲಿ ಮಾತ್ರೆ ಸಿಗುವುದು ಮಾತ್ರ ಮುಗಿದಿರಲಿಲ್ಲ. ಇವೆರಡರಿಂದಲೇ ದಿನಕ್ಕೆ ಸರಾಸರಿ 17,000 ಐಯು ಮೀರುತ್ತಿತ್ತು. ದಿನಕ್ಕೆರಡು ನುಂಗುವ ಕ್ಯಾಲ್ಸಿಯಂ ಮಾತ್ರೆಗಳಲ್ಲಿ 1,000 ಐಯು, ಮಲ್ಟಿವಿಟಮಿನ್ನಿನಲ್ಲಿ ಇನ್ನೊಂದು 1,000.

ಕೊನೆಯ ಡಬ್ಬಿ ವಿಟಮಿನ್ ಡಿ ಮತ್ತು ಕೆ ಸೇರಿದ ಮಾತ್ರೆಯದು. ಅದರ ಮೇಲೆ 50 ಎಂದಿತ್ತು. “ಇದು ಕಮ್ಮಿ ಪವರಿನದ್ದು, ಇದೊಂದು ಇರಲಿ ಬಿಡಮ್ಮಾ” ಎಂದು ಅಪ್ಪ ಅವಳಿಗೆ ಹೇಳಿದರು. ಅವಳು ಅಂಕಿಯ ಪಕ್ಕದ ಅಕ್ಷರಗಳನ್ನು ತೋರಿಸಿದಳು: ಅದು ಐಯು ಅಲ್ಲ, ಮೈಕ್ರೋಗ್ರಾಂ. ವಿಟಮಿನ್ ಡಿಯ ಒಂದು ಮೈಕ್ರೋಗ್ರಾಂ ಎಂದರೆ 40 ಐಯು, ಹಾಗಾಗಿ ಆ 50 ಎಂಬುದು 2,000. ಎಲ್ಲ ಸೇರಿ ದಿನಕ್ಕೆ 21,000 ಐಯು ದಾಟಿತು. ಎಪ್ಪತ್ತು ಮೀರಿದವರಿಗೆ ಬೇಕಾದದ್ದು 800, ವೈದ್ಯರ ನಿಗಾ ಇಲ್ಲದೆ ವಯಸ್ಕರು ದಾಟಬಾರದ ಮೇಲ್ಮಿತಿ 4,000. ವಾರದ ಕ್ಯಾಪ್ಸೂಲುಗಳನ್ನು ಪಕ್ಕಕ್ಕಿಟ್ಟರೂ ದಿನನಿತ್ಯದ ಡಬ್ಬಿಗಳಷ್ಟೇ ಆ ಮೇಲ್ಮಿತಿಯನ್ನು ಮುಟ್ಟುತ್ತಿದ್ದವು. ಲೇಬಲಿನಲ್ಲಿ ಬರೆದಷ್ಟೇ ಒಳಗಿರುತ್ತದೆ ಎಂದು ನಂಬಿದರೆ ಈ ಲೆಕ್ಕ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪರಿಶೀಲನೆಯಲ್ಲಿ ವಿಟಮಿನ್ ಡಿ ಮಾತ್ರೆಗಳೊಳಗೆ ಲೇಬಲ್ ಹೇಳಿದ್ದರ ಶೇ. 9ರಿಂದ ಶೇ. 146ರವರೆಗೂ ಅಂಶ ಸಿಕ್ಕಿತ್ತು.

ಇದಕ್ಕೆ ಇನ್ನೆರಡು ಸಂಗತಿಗಳು ಕೈಜೋಡಿಸಿದ್ದವು. ವಿಟಮಿನ್ ಡಿ ಕರುಳಿನಿಂದ ಕ್ಯಾಲ್ಸಿಯಂ ಹೀರಿಕೆಯನ್ನು ಹೆಚ್ಚಿಸುತ್ತಿದ್ದಾಗ ಅಪ್ಪ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದರು. ಇನ್ನೊಂದು, ನಾವು ಪ್ರಾಮಾಣಿಕವಾಗಿ ಹೇಳಿದ್ದ ಆ ಬಿಪಿ ಮಾತ್ರೆ. ಅದರಲ್ಲಿದ್ದ ಥಯಾಜೈಡ್ ಎಂಬ ಅಂಶ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ. ಒಳಬರುವ ಬಾಗಿಲು ಅಗಲವಾಗಿ ತೆರೆದು, ಹೊರಹೋಗುವ ಬಾಗಿಲನ್ನು ಅರ್ಧ ಮುಚ್ಚಿದಂತಾಗಿತ್ತು. ಇಲ್ಲಿ ಯಾರೊಬ್ಬರೂ ತಪ್ಪು ಮದ್ದು ಬರೆದಿರಲಿಲ್ಲ. ಪ್ರತಿಯೊಂದು ಚೀಟಿಯೂ ಅದರಷ್ಟಕ್ಕೆ ಒಪ್ಪುವಂಥದ್ದೇ. ಒಟ್ಟು ಮೊತ್ತವನ್ನು ಮಾತ್ರ ಯಾರೂ ಬರೆದುಕೊಟ್ಟಿರಲಿಲ್ಲ, ಮತ್ತು ಅದನ್ನು ಕೂಡಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಮಂಚದ ಪಕ್ಕ ನಿಂತು ಹಾಳೆಯಲ್ಲಿ ಗೆರೆ ಎಳೆದ ಆ ಹುಡುಗಿಯೇ ಮೊದಲ ಬಾರಿಗೆ ಕೂಡಿಸಿದವಳು.

ಹಾಳೆಯ ಉಳಿದ ಸಾಲುಗಳೂ ಸುಮ್ಮನಿರಲಿಲ್ಲ. ಅಪ್ಪನಿಗೆ ವರ್ಷದಿಂದ ಪಾದ ಜೋಮು ಹಿಡಿಯುತ್ತಿತ್ತು, ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾಗಿದೆ ಎಂದು ನರಗಳ ಮಾತ್ರೆ ಶುರುಮಾಡಿದ್ದರು. ಅದರಲ್ಲಿ ಬಿ6 ವಿಟಮಿನ್ 100 ಮಿಲಿಗ್ರಾಂ ಇತ್ತು, ಮಲ್ಟಿವಿಟಮಿನ್ನಿನಲ್ಲಿ ಇನ್ನೂ 10. ಅವರ ವಯಸ್ಸಿನ ಗಂಡಸರಿಗೆ ದಿನಕ್ಕೆ ಬೇಕಾದದ್ದು 1.7 ಮಿಲಿಗ್ರಾಂ. ಬಿ6 ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ: 1983ರಲ್ಲಿ ಅಮೆರಿಕದ ವೈದ್ಯರು ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದ ಏಳು ಜನರನ್ನು ವರ್ಣಿಸಿದರು, ಅವರಿಗೆ ಕೈಕಾಲಿನ ಸ್ಪರ್ಶಜ್ಞಾನ ಕುಂದಿ ನಡಿಗೆಯೇ ತಪ್ಪುತ್ತಿತ್ತು. ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲೂ ದೀರ್ಘಕಾಲ ತೆಗೆದುಕೊಂಡವರಿಗೆ ತೊಂದರೆ ಕಂಡಿದೆ. ಅಮೆರಿಕದಲ್ಲಿ ಮೇಲ್ಮಿತಿ 100 ಮಿಲಿಗ್ರಾಂ ಎಂದಿದ್ದರೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 12ಕ್ಕೆ ಇಳಿಸಿತು. ನೀರಿನಲ್ಲಿ ಕರಗುವ ವಿಟಮಿನ್ನುಗಳು ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುತ್ತವೆ, ಹೆದರಬೇಕಾಗಿಲ್ಲ ಎಂಬ ಮಾತನ್ನು ನಾನೂ ಎಲ್ಲರಂತೆ ಕೇಳಿದ್ದೆ. ಬಿ6ಕ್ಕೆ ಆ ಮಾತು ಹೊಂದುವುದಿಲ್ಲ. ಜೋಮು ಹೆಚ್ಚಾದಾಗ ಅಪ್ಪ ನರದ ಮಾತ್ರೆಯನ್ನು ದಿನಕ್ಕೆರಡು ಮಾಡಿಕೊಂಡಿದ್ದರೆಂಬುದು ಆಗಷ್ಟೇ ಹೊರಬಿತ್ತು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕ ಯಾರೋ ಸೂಚಿಸಿದ್ದ ಕ್ಯಾಪ್ಸೂಲಿನಲ್ಲಿ, ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಇತ್ತು. ಅದನ್ನು ಎತ್ತಿ ಹಿಡಿದು ಫಾರ್ಮಸಿಸ್ಟ್ ಕೇಳಿದ್ದು ಕಣ್ಣಿನ ಬಗ್ಗೆಯಲ್ಲ, ಸಿಗರೇಟಿನ ಬಗ್ಗೆ. ಅಪ್ಪ ಬಿಟ್ಟು ಬಹಳ ವರ್ಷವಾಗಿತ್ತು, ಆದರೂ ಮೂವತ್ತು ವರ್ಷ ಸೇದಿದವರು. ಫಿನ್‌ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರನ್ನು ತಡೆಯಬಹುದೆಂಬ ಆಸೆಯಿಂದ ಆರಂಭವಾಗಿತ್ತು. ಅದನ್ನು ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಕಂಡುಬಂತು. ಆಮೇಲೆ ಕಣ್ಣಿನ ಮಾತ್ರೆಗಳ ಸೂತ್ರದಲ್ಲಿ ಅದರ ಬದಲು ಲ್ಯೂಟಿನ್ ಮತ್ತು ಝಿಯಾಝಾಂತಿನ್ ಎಂಬ ಸಸ್ಯವರ್ಣಕಗಳು ಬಂದವು, ಹಳೆಯ ಸೂತ್ರದವು ಮಾರುಕಟ್ಟೆಯಿಂದ ಪೂರ್ತಿ ಹೋಗಲಿಲ್ಲ. ವಿಟಮಿನ್ ಇ 400 ಐಯು ಡಬ್ಬಿಗೂ ಅದೇ ಗತಿಯಾಯಿತು. 35,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಆ ಪ್ರಮಾಣದ ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುವ ಬದಲು ಶೇ. 17ರಷ್ಟು ಹೆಚ್ಚಿಸಿದ್ದು 2011ರಲ್ಲಿ ಗೊತ್ತಾಗಿತ್ತು. ವಿಟಮಿನ್ ಎ ಎರಡು ಡಬ್ಬಿಗಳಲ್ಲಿದ್ದರೂ ಮೊತ್ತ 3,000 ಮೈಕ್ರೋಗ್ರಾಂ ಮಿತಿಯೊಳಗಿತ್ತು. ವಿಟಮಿನ್ ಸಿ ಪ್ರಮಾಣ ದೊಡ್ಡದಿತ್ತು. ಅದು ದೇಹದಲ್ಲಿ ಆಕ್ಸಲೇಟ್ ಆಗಿ ಮೂತ್ರಪಿಂಡದ ಕಲ್ಲಿಗೆ ದಾರಿಮಾಡುವುದರಿಂದ, ಈಗಿನ ಸ್ಥಿತಿಯಲ್ಲಿ ಬೇಡವೇ ಬೇಡ ಎಂದಳು.

ಚಿಕಿತ್ಸೆ ಹೇಳಲು ಸರಳ, ಅನುಭವಿಸಲು ದೀರ್ಘ. ಎಲ್ಲ ಡಬ್ಬಿಗಳೂ ಬಂದ್, ಬಿಪಿಗೆ ಬೇರೆ ಮಾತ್ರೆ, ಹಾಲಿನ ಪದಾರ್ಥಗಳಿಗೆ ಕಡಿವಾಣ, ಸಲೈನ್, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುವ ಸ್ಟೀರಾಯ್ಡ್, ಎಲುಬಿನಿಂದ ಕ್ಯಾಲ್ಸಿಯಂ ಕಳಚಿಕೊಳ್ಳುವುದನ್ನು ತಡೆಯುವ ಚುಚ್ಚುಮದ್ದು. ಸ್ಟೀರಾಯ್ಡಿನಿಂದ ಸಕ್ಕರೆ ಜಿಗಿದು ಕೆಲವು ದಿನ ಇನ್ಸುಲಿನ್ ಹಾಕಬೇಕಾಯಿತು. ಕ್ಯಾಲ್ಸಿಯಂ 11ಕ್ಕೆ ಇಳಿಯುತ್ತಲೇ ಅಪ್ಪನ ಮಾತಿಗೆ ಎಳೆ ಮರಳಿತು, ಪತ್ರಿಕೆ ಕೇಳಿದರು, ಮತ್ತು ತಮ್ಮ ಡಬ್ಬಿಗಳೆಲ್ಲಿ ಎಂದೂ ಕೇಳಿದರು.

ಮನೆಗೆ ಬಂದ ಮೇಲೆ ಕ್ಯಾಲ್ಸಿಯಂ ಮತ್ತೆ ತುಸು ಏರಿದ್ದಕ್ಕೆ ನಾವು ಗಾಬರಿಯಾದೆವು. ಹಾರ್ಮೋನ್ ತಜ್ಞೆಗೆ ಅದು ಅನಿರೀಕ್ಷಿತವಾಗಿರಲಿಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗಿ ದೇಹದ ಕೊಬ್ಬಿನಲ್ಲೇ ಸಂಗ್ರಹವಾಗುತ್ತದೆ. ನುಂಗುವುದು ನಿಂತರೂ ಆ ದಾಸ್ತಾನು ರಕ್ತಕ್ಕೆ ಒಸರುತ್ತಲೇ ಇರುತ್ತದೆ. ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು ಎನ್ನುವುದು ಪುಸ್ತಕದ ಲೆಕ್ಕ, ಹೀಗೆ ತುಂಬಿಕೊಂಡವರಲ್ಲಿ ಅದು ತಿಂಗಳುಗಟ್ಟಲೆ ಎಳೆಯುತ್ತದೆ. ಸ್ಟೀರಾಯ್ಡನ್ನು ಇನ್ನಷ್ಟು ನಿಧಾನವಾಗಿ ಇಳಿಸಿದರು, ರಕ್ತ ಕೊಡಲು ಹೋಗಿಬರುವುದು ಮನೆಯ ದಿನಚರಿಯಾಯಿತು. ಬಿ6 ನಿಲ್ಲಿಸಿದ ಮೊದಲ ವಾರಗಳಲ್ಲಿ ಪಾದದ ಜೋಮು ಕಡಿಮೆಯಾಗುವ ಬದಲು ಹೆಚ್ಚಾಯಿತು. “ನೋಡು, ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯ್ತು ಮಗಳೇ” ಎಂದು ಅಪ್ಪ ನನ್ನ ಮೇಲೆ ರೇಗಿದರು. ಹೀಗೆ ಆಗಬಹುದೆಂದು ನರತಜ್ಞರು ಮೊದಲೇ ಹೇಳಿರದಿದ್ದರೆ ನಾನೇ ಆ ಮಾತ್ರೆಯನ್ನು ಮತ್ತೆ ಕೈಗಿಡುತ್ತಿದ್ದೆನೇನೋ.

ಈಗ ಅವರು ಒಂದು ವಿಟಮಿನ್ ಮಾತ್ರೆಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಮೆಟ್‌ಫಾರ್ಮಿನ್ನನ್ನು ವರ್ಷಾನುಗಟ್ಟಲೆ ತೆಗೆದುಕೊಂಡವರಿಗೆ ಬಿ12 ಕೊರತೆಯಾಗುವುದುಂಟು, ಪರೀಕ್ಷೆಯಲ್ಲಿ ಅಪ್ಪನಿಗೂ ಆ ಕೊರತೆ ಕಂಡದ್ದರಿಂದ ಬಿ12 ಒಂದನ್ನೇ, ಬೇರಾವುದೂ ಬೆರೆಯದ ಮಾತ್ರೆಯಾಗಿ ಬರೆದುಕೊಟ್ಟಿದ್ದಾರೆ. ಕೊರತೆಯಿದ್ದಾಗ ವಿಟಮಿನ್ ನಿಜವಾಗಿಯೂ ಮದ್ದೇ. ಫಾರ್ಮಸಿಸ್ಟಳ ಆ ಹಾಳೆಯ ಮಾದರಿಯಲ್ಲೇ ನಾನು ಮನೆಯಲ್ಲೊಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಯಾವ ಡಾಕ್ಟರ ಬಳಿ ಹೋದರೂ ಅದನ್ನು ಮೊದಲು ಮುಂದಿಡುತ್ತೇನೆ, ಕೆಲವರು ಓದುತ್ತಾರೆ, ಕೆಲವರು ಮಡಚಿ ವಾಪಸು ಕೊಡುತ್ತಾರೆ. ವಿಟಮಿನ್ ಡಿ ಇನ್ನೂ 70ರ ಆಸುಪಾಸಿನಲ್ಲಿದೆ, ಕ್ಯಾಲ್ಸಿಯಂ ಮಿತಿಯೊಳಗಿದೆ. ಕ್ರಿಯಾಟಿನಿನ್ 1.4ಕ್ಕೆ ಬಂದು ನಿಂತಿದೆ, ಅದು ಹಳೆಯ 1.0ಕ್ಕೆ ಮರಳುವುದು ಅನುಮಾನ ಎಂದಿದ್ದಾರೆ. ಎಡಪಾದದ ಜೋಮು ಹಿಮ್ಮಡಿಯವರೆಗೆ ಇಳಿದಿದೆ. ಬಲಪಾದದ್ದು ಹಾಗೇ ಇದೆ.